ಕೆಂಪು ಡಬ್ಬಿ ಎಲ್ಲಿದೆ ಅಂತ ಮೊದಲು ನೋಡಿ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಆರು ಸಿಎನ್‌ಸಿ, ಎರಡು ವಿಎಂಸಿ (ಎರಡೂ ಕಂಪ್ಯೂಟರ್ ನಡೆಸುವ, ಲೋಹ ಕತ್ತರಿಸುವ ಮಷೀನುಗಳು), ಒಟ್ಟು 24 ಜನ. ಹೈಡ್ರಾಲಿಕ್ ವಾಲ್ವ್ ಬಾಡಿ, ಪಂಪಿನ ಬಿಡಿಭಾಗಗಳ ಜಾಬ್ ವರ್ಕ್ ಮಾಡುತ್ತೇವೆ. ಎಂಟು ತಿಂಗಳಲ್ಲಿ ಮೂವರು ಆಪರೇಟರ್‌ಗಳು ಬಂದು ಹೋದರು. ಕೊನೆಯವನು ದೊಡ್ಡ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದ. ಕೆಲಸ ಚೆನ್ನಾಗಿ ಬರುತ್ತಿತ್ತು. ಆದರೆ ಕೆಟ್ಟ ಪೀಸುಗಳನ್ನು ಚಿಪ್ಸ್ ಟ್ರಾಲಿಯೊಳಗೆ (ಲೋಹದ ಚೂರು ತುಂಬುವ ಗಾಡಿ) ಮುಚ್ಚಿಡುತ್ತಿದ್ದ. ಸಿಕ್ಕಿಬಿದ್ದ ಮೇಲೆ ಜಗಳ ಮಾಡಿ ಬಿಟ್ಟು ಹೋದ. ರಿಜೆಕ್ಷನ್ ಆದರೆ ಪೀಸಿಗೆ 200 ರೂಪಾಯಿ ಪಗಾರದಲ್ಲಿ ಹಿಡಿಯುತ್ತೇವೆ, ಅದು ಎಲ್ಲರಿಗೂ ಒಂದೇ. ಹಳಬರೆಲ್ಲ ಮನೆಯವರ ಹಾಗೆ ಇದ್ದಾರೆ, ಹೊರಗಿನಿಂದ ಬಂದವರೇ ಹೊಂದುತ್ತಿಲ್ಲ. ಕೆಲಸ ಬರುವವರನ್ನು ತೆಗೆದುಕೊಳ್ಳಬೇಕೋ, ನಮ್ಮ ಕಲ್ಚರಿಗೆ ಹೊಂದುವವರನ್ನೋ? ಹೊಂದುತ್ತಾರೋ ಇಲ್ಲವೋ ಅಂತ ಇಂಟರ್‌ವ್ಯೂನಲ್ಲೇ ಗೊತ್ತು ಮಾಡಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಹೊಸಬರ ಬಗ್ಗೆ. ನನ್ನ ಕಣ್ಣು ನಿಂತಿದ್ದು ಆ 200 ರೂಪಾಯಿ ಮೇಲೆ.

ಆಪರೇಟರ್ ಕಡೆಯಿಂದ ಲೆಕ್ಕ ಹಾಕಿ ನೋಡಿ. ಒಂದು ಪೀಸು ಕೆಟ್ಟಿತು. ಹೇಳಿದರೆ 200 ಹೋಗುತ್ತದೆ, ಮೇಲೆ ಎಲ್ಲರ ಮುಂದೆ ಬೈಗುಳ. ಹೇಳದೆ ಟ್ರಾಲಿಯಲ್ಲಿ ತುರುಕಿದರೆ ಏನೂ ಹೋಗುವುದಿಲ್ಲ. ಶನಿವಾರ ಸ್ಕ್ರ್ಯಾಪಿನವರು ಬಂದು ತೂಕ ಮಾಡಿ ಒಯ್ದರೆ ಮುಗಿಯಿತು. ಅಂದರೆ ನಿಮ್ಮ ಶಾಪಿನಲ್ಲಿ ನಿಜ ಹೇಳುವುದಕ್ಕೆ ರೇಟು ಇದೆ, ಮುಚ್ಚಿಡುವುದು ಪುಕ್ಕಟೆ. ಇಂಥ ಕಡೆ ಯಾರನ್ನೇ ತಂದು ನಿಲ್ಲಿಸಿ, ಆರು ತಿಂಗಳಲ್ಲಿ ಮುಚ್ಚಿಡುವುದನ್ನು ಕಲಿಯುತ್ತಾರೆ.

ಹಳಬರು ಹಾಗೆ ಮಾಡುವುದಿಲ್ಲ ಅಂತೀರಾ? ಇರಬಹುದು. ಒಂದು ಕೆಲಸ ಮಾಡಿ. ಕಳೆದ ಮೂರು ತಿಂಗಳಲ್ಲಿ ಎಷ್ಟು ಕಾಸ್ಟಿಂಗ್ (ಎರಕ ಹೊಯ್ದ ಕಚ್ಚಾ ಪೀಸು) ಒಳಗೆ ಬಂತು, ಎಷ್ಟು ಪೀಸು ಡಿಸ್ಪ್ಯಾಚ್ ಆಯಿತು, ರಿಜೆಕ್ಷನ್ ರಿಜಿಸ್ಟರಿನಲ್ಲಿ ಎಷ್ಟು ಬರೆದಿದೆ, ಸ್ಟಾಕಿನಲ್ಲಿ ಮೂರು ತಿಂಗಳ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ. ಎಲ್ಲವನ್ನೂ ಕೂಡಿಸಿ ಕಳೆಯಿರಿ. ಲೆಕ್ಕ ಕೂಡಿ ಬಂದರೆ ನನ್ನ ಮಾತು ಬಿಟ್ಟುಬಿಡಿ. ಬರದಿದ್ದರೆ, ಹಳಬರಿಗೆ ಎಲ್ಲಿ ಮುಚ್ಚಿಡಬೇಕು ಅಂತ ಗೊತ್ತಿದೆ, ಹೊಸಬನಿಗೆ ಆ ಜಾಗ ಯಾರೂ ತೋರಿಸಿರಲಿಲ್ಲ, ಅಷ್ಟೇ.

ಆ 200 ರೂಪಾಯಿ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಪಗಾರದಲ್ಲಿ ಹೀಗೆ ಸುಮ್ನೆ ಹಿಡಿಯುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯಿಂದ ಇರುವ ನಿಯಮ ಇದು, ಈಗಿನ ವೇತನ ಸಂಹಿತೆಯಲ್ಲೂ ಇದೆ. ನಷ್ಟ ಅಂತ ಹಿಡಿಯಬೇಕಾದರೆ ಅದು ಆ ಕೆಲಸಗಾರನ ನಿರ್ಲಕ್ಷ್ಯದಿಂದಲೇ ಆಗಿರಬೇಕು. ಅವನಿಗೆ ಕಾರಣ ಹೇಳಲು ಅವಕಾಶ ಕೊಟ್ಟಿರಬೇಕು. ಆದ ನಷ್ಟಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. ದಂಡ ಅಂತ ಹಾಕಿದರೂ ಒಂದು ಪಗಾರದ ಅವಧಿಯಲ್ಲಿ ಪಗಾರದ ಶೇ 3 ದಾಟುವಂತಿಲ್ಲ. ಕಾಸ್ಟಿಂಗಿನಲ್ಲೇ ತೂತು ಇದ್ದು ಪೀಸು ಹೋದರೂ ಆಪರೇಟರ್ 200 ಕೊಡಬೇಕು ಅಂದರೆ ಅದು ಕಾನೂನಿಗೂ ಸರಿ ಇಲ್ಲ, ನ್ಯಾಯಕ್ಕೂ ಸರಿ ಇಲ್ಲ. ಮನೆಯವರ ಹಾಗೆ ಅಂತೀರಲ್ಲ, ಮನೆಯಲ್ಲಿ ಮಗ ತಟ್ಟೆ ಒಡೆದರೆ ಊಟ ಹಿಡಿಯುತ್ತೇವಾ?

ಈಗ ಕಲ್ಚರ್ ವಿಷಯ. ನಮ್ಮ ಕಡೆ ಕಾರ್ಖಾನೆಗಳಲ್ಲಿ ಈ ಪದ ಬಂದ ಮೇಲೆ ಗೊಂದಲ ಜಾಸ್ತಿ ಆಗಿದೆ. ನಾನು ಅದನ್ನು ರೂಢಿ ಅಂತೀನಿ. ಮಾಲೀಕರು ಇಲ್ಲದಾಗ, ಯಾರೂ ಹೇಳದೆ, ಎಲ್ಲರೂ ತಾವಾಗಿಯೇ ಮಾಡುವುದು ರೂಢಿ. ಅಮೆರಿಕದ ಎಂಐಟಿಯಲ್ಲಿದ್ದ ಎಡ್ಗರ್ ಶೈನ್ ಅನ್ನುವವರು 1980ರ ದಶಕದಲ್ಲಿ ಇದನ್ನು ಮೂರು ಪದರಗಳಾಗಿ ವಿವರಿಸಿದರು. ಮೇಲಿನದು ಕಣ್ಣಿಗೆ ಕಾಣುವುದು: ಯೂನಿಫಾರ್ಮ್, ಬೋರ್ಡು, ಆಫೀಸಿನ ಕುರ್ಚಿ. ಅದರ ಕೆಳಗೆ ನಾವು ಬಾಯಿಂದ ಹೇಳಿಕೊಳ್ಳುವುದು. ಎಲ್ಲಕ್ಕಿಂತ ಕೆಳಗೆ, ಯಾರೂ ಹೇಳದೆ ಎಲ್ಲರೂ ನಂಬಿಕೊಂಡಿರುವುದು. ನಿಜವಾಗಿ ನಡೆಯುವುದು ಮೂರನೆಯದರ ಪ್ರಕಾರ.

ಉದ್ಯಮಬಾಗದ ಭಾಷೆಯಲ್ಲಿ ಹೇಳುವುದಾದರೆ, ಗೋಡೆಯ ಮೇಲೆ 'ಗುಣಮಟ್ಟವೇ ನಮ್ಮ ಉಸಿರು' ಅಂತ ಬೋರ್ಡು ಇರುತ್ತದೆ. ಬೆಳಗಿನ ಮೀಟಿಂಗಿನಲ್ಲಿ ಸೂಪರ್‌ವೈಸರ್ ಅದನ್ನೇ ಹೇಳುತ್ತಾರೆ. ತಿಂಗಳ 30ನೇ ತಾರೀಖು ರಾತ್ರಿ ಗಾಡಿ ಬಂದು ನಿಂತಾಗ ಅದೇ ಸೂಪರ್‌ವೈಸರ್ 'ಇರ್ಲಿ ಹಾಕ್ರೀ, ಅವರೇನ್ ಎಲ್ಲಾ ಚೆಕ್ ಮಾಡ್ತಾರೇನು' ಅಂತಾರೆ. ಹೊಸಬರು ಯಾವುದನ್ನು ಕಲಿಯುತ್ತಾರೆ? 30ನೇ ತಾರೀಖಿನದನ್ನು. ನಿಮ್ಮ ಶಾಪಿನ ರೂಢಿ ಏನು ಅಂತ ತಿಳಿಯಬೇಕಾದರೆ ತಿಂಗಳ ಕೊನೆಯ ಎರಡು ರಾತ್ರಿ ಅಲ್ಲೇ ಇದ್ದು ನೋಡಿ. ಬಾಯಿ ಮಾತ್ರ ಬಿಡಬೇಡಿ.

ನಾನು ಯಾವುದೇ ಶಾಪಿಗೆ ಹೋದರೂ ಮೊದಲು ಕೆಂಪು ಡಬ್ಬಿ ಎಲ್ಲಿದೆ ಅಂತ ನೋಡುತ್ತೇನೆ. ರಿಜೆಕ್ಟ್ ಆದ ಪೀಸು ಹಾಕುವ ಡಬ್ಬಿ. ಕೆಲವು ಕಡೆ ಅದು ಮಷೀನಿನ ಪಕ್ಕದಲ್ಲೇ ಇರುತ್ತದೆ, ಒಳಗಿನ ಪ್ರತಿ ಪೀಸಿನ ಮೇಲೂ ಮಾರ್ಕರ್‌ನಲ್ಲಿ ಏನು ತಪ್ಪಾಗಿದೆ ಅಂತ ಬರೆದಿರುತ್ತದೆ: 'ಬೋರ್ ಓವರ್‌ಸೈಜ್' (ತೂತು ದೊಡ್ಡದಾಯಿತು), 'ಥ್ರೆಡ್ ಗೋ ಆಗಲಿಲ್ಲ'. ಕೆಲವು ಕಡೆ ಕಂಪ್ರೆಸರ್ ರೂಮಿನ ಹಿಂದೆ, ಬೀಗ ಹಾಕಿ ಇಟ್ಟಿರುತ್ತಾರೆ. ಒಂದು ಕಡೆ ಡಬ್ಬಿ ಫಳಫಳ ಹೊಳೆಯುತ್ತಿತ್ತು. ಒಳಗೆ ಒಂದು ಪೀಸೂ ಇಲ್ಲ, ಒಬ್ಬರ ಬುತ್ತಿ ಚೀಲ ಇತ್ತು. ಆ ಶಾಪಿನ ಬಗ್ಗೆ ಇನ್ನೇನೂ ಕೇಳಬೇಕಾಗಲಿಲ್ಲ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಬೆಳಗಾವಿಯ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದೆ. ಪುಣೆ ಕಡೆಯಿಂದ ಒಬ್ಬ ಸೆಟ್ಟರ್ ಅನ್ನು, ಅಂದರೆ ಮಷೀನಿಗೆ ಟೂಲು ಕೂಡಿಸಿ ಅಳತೆ ಹೊಂದಿಸುವವರನ್ನು, ಜಾಸ್ತಿ ಪಗಾರ ಕೊಟ್ಟು ಕರೆತಂದೆವು. ಇಂಟರ್‌ವ್ಯೂ ನಡೆದದ್ದು ಆಫೀಸಿನಲ್ಲಿ. ಚಹಾ, ಬಿಸ್ಕಿಟ್, ಫ್ಯಾನು. ಕೇಳಿದ ಪ್ರಶ್ನೆಗೆಲ್ಲ ಆತ ಸರಿಯಾಗಿ ಉತ್ತರ ಕೊಟ್ಟರು. ಮಷೀನು ತೋರಿಸಲಿಲ್ಲ. ತೋರಿಸಬೇಕು ಅಂತ ನನಗೆ ಹೊಳೆಯಲೂ ಇಲ್ಲ.

ಅವರು ಮೊದಲು ಇದ್ದ ಕಾರ್ಖಾನೆಯಲ್ಲಿ ಪ್ರತಿ ಜಾಬಿಗೂ ಸೆಟಪ್ ಶೀಟ್ ಇತ್ತು. ಯಾವ ಟೂಲು, ಯಾವ ಇನ್ಸರ್ಟು (ಟೂಲಿನ ತುದಿಯ ಕತ್ತರಿಸುವ ಚೂರು), ಎಷ್ಟು ಆಫ್‌ಸೆಟ್ (ಅಳತೆಯ ತಿದ್ದುಪಡಿ), ಎಲ್ಲ ಬರೆದಿಟ್ಟದ್ದು. ನಮ್ಮಲ್ಲಿ ಅದೆಲ್ಲ ಇದ್ದದ್ದು ಹಿರಿಯ ಆಪರೇಟರ್ ಒಬ್ಬರ ಜೇಬಿನಲ್ಲಿ. ಎಲ್ಲರೂ ಅವರನ್ನು ಕಾಕಾ ಅಂತ ಕರೆಯುತ್ತಿದ್ದರು. ಒಂದು ಪುಟ್ಟ ಡೈರಿ, ಕೂಲಂಟ್ ಬಿದ್ದು ಅಂಚೆಲ್ಲ ಉಬ್ಬಿತ್ತು, ರಬ್ಬರ್ ಬ್ಯಾಂಡ್ ಸುತ್ತಿತ್ತು. ಬಹಳ ದಿನದ ಮೇಲೆ ಒಮ್ಮೆ ನನಗೆ ತೋರಿಸಿದರು. ಒಂದು ಪುಟದಲ್ಲಿ ಬರೆದಿದ್ದರು: 'ಮೂರನೇ ನಂಬರ್ ಮಷೀನ್ ಮುಂಜಾನೆ ಥಂಡಿ ಇದ್ದಾಗ 8 ಮೈಕ್ರಾನ್ ಜಾಸ್ತಿ ತೋರಸ್ತೈತಿ. ಅರ್ಧ ತಾಸ ಖಾಲಿ ಓಡಸಬೇಕು.' ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ.

ಹೊಸ ಸೆಟ್ಟರಿಗೆ ಇದು ಗೊತ್ತಿರಲಿಲ್ಲ. ಮುಂಜಾನೆ ಪಾಳಿಯ ಮೊದಲ ಹತ್ತು ಪೀಸು ದಿನಾ ಹೋಗುತ್ತಿದ್ದವು. ಯಾರೂ ಹೇಳಲಿಲ್ಲ. ಅವರು ಸೆಟಪ್ ಶೀಟ್ ಕೇಳಿಕೊಂಡು ನಿಲ್ಲುತ್ತಿದ್ದರು. ನಮಗೆ ಅದು ಸೊಕ್ಕಾಗಿ ಕಂಡಿತು, ಕೆಲಸಗಳ್ಳತನವಾಗಿ ಕಂಡಿತು. ಮೂರು ತಿಂಗಳಿಗೆ ಬಿಟ್ಟು ಹೋದರು. ಫೈಲಿನಲ್ಲಿ ನಾನೇ ಬರೆದೆ, 'ಹೊಂದಿಕೊಳ್ಳುವ ಸ್ವಭಾವ ಇಲ್ಲ' ಅಂತ. ಆ ಸಾಲು ಈಗಲೂ ಕಣ್ಣ ಮುಂದೆ ಬರುತ್ತದೆ. ಗೊತ್ತಿದ್ದದ್ದನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ನಮ್ಮ ರೂಢಿಯಾಗಿತ್ತು. ಕಾಕಾ ಮೇಲೂ ತಪ್ಪು ಹೊರಿಸಲಾರೆ. ಆ ಡೈರಿಯೇ ಅವರ ಬೆಲೆ. ಅದನ್ನು ಬಿಟ್ಟುಕೊಟ್ಟರೆ ನಾಳೆ ನನ್ನನ್ನು ಯಾರು ಕೇಳುತ್ತಾರೆ ಅನ್ನುವ ಭಯ ಅವರಿಗೆ ನಾವೇ ಕಲಿಸಿದ್ದು. ಅವರು ನಿವೃತ್ತರಾದ ದಿನ ಡೈರಿಯೂ ಜೇಬಿನಲ್ಲೇ ಮನೆಗೆ ಹೋಯಿತು.

ನಿಮ್ಮ ಒಂಬತ್ತು ವರ್ಷದ ಅನುಭವಿಯ ಕಥೆಯೂ ಇದೇ ಇರಬಹುದು. ಪೀಸು ಮುಚ್ಚಿಟ್ಟದ್ದು ತಪ್ಪೇ, ನಾನು ವಕಾಲತ್ತು ಮಾಡುತ್ತಿಲ್ಲ. ಆದರೆ ದೊಡ್ಡ ಕಾರ್ಖಾನೆಯಿಂದ ಸಣ್ಣ ಶಾಪಿಗೆ ಬರುವವರಿಗೆ ಕೈ ಕಟ್ಟಿ ಹಾಕಿದ ಹಾಗಾಗುತ್ತದೆ. ಅಲ್ಲಿ ಇನ್ಸ್‌ಪೆಕ್ಷನ್ ಬೇರೆ, ಟೂಲ್ ರೂಮ್ ಬೇರೆ, ಪ್ರೋಗ್ರಾಮ್ ಮಾಡುವವರು ಬೇರೆ. ಇಲ್ಲಿ ಎಲ್ಲ ಒಬ್ಬರೇ, ಜೊತೆಗೆ ಗಾಡಿ ಬಂದರೆ ಲೋಡ್ ಮಾಡಲು ಕೈ ಹಚ್ಚಬೇಕು. ಅನುಭವದ ವರ್ಷಗಳನ್ನು ನೋಡಿ ತೆಗೆದುಕೊಳ್ಳುವುದರಲ್ಲಿ ಇರುವ ಮೋಸ ಇದು. ಆಯ್ಕೆಯ ವಿಧಾನಗಳ ಬಗ್ಗೆ 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ಶ್ಮಿಟ್ ಮತ್ತು ಹಂಟರ್ ಅನ್ನುವ ಇಬ್ಬರು 1998ರಲ್ಲಿ ಒಂದು ದೊಡ್ಡ ಲೇಖನ ಬರೆದರು. ಮುಂದೆ ಕೆಲಸ ಹೇಗೆ ಮಾಡುತ್ತಾರೆ ಅಂತ ಹೇಳುವುದರಲ್ಲಿ ಅನುಭವದ ವರ್ಷಗಳು ಬಹಳ ಕೆಳಗೆ ಬಂದವು. ಮೇಲೆ ಬಂದವುಗಳಲ್ಲಿ ಎರಡು ನಿಮಗೆ ಉಪಯೋಗಕ್ಕೆ ಬರುತ್ತವೆ: ಆ ಕೆಲಸವನ್ನೇ ಕೊಟ್ಟು ಮಾಡಿಸಿ ನೋಡುವುದು, ಮತ್ತು ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳುವ, ಮೊದಲೇ ತಯಾರಿ ಮಾಡಿದ ಇಂಟರ್‌ವ್ಯೂ. ಸುಮ್ನೆ ಕೂತು ಊರು ಯಾವುದು, ಮನೆ ಕಡೆ ಹೇಗೆ ಅಂತ ಮಾತಾಡುವ ಇಂಟರ್‌ವ್ಯೂ ಅಷ್ಟು ಕೆಲಸಕ್ಕೆ ಬರುವುದಿಲ್ಲ.

ಊರು ಅಂದೆನಲ್ಲ, ಇಲ್ಲಿ ಸ್ವಲ್ಪ ನಿಲ್ಲೋಣ. ನೀವು 'ಹೊಂದುವವರು' ಅಂದಾಗ ನನಗೆ ಅಂಜಿಕೆ ಆಗುವುದು ಇಲ್ಲೇ.

ಲಾರೆನ್ ರಿವೆರಾ ಅನ್ನುವ ಸಂಶೋಧಕಿ ಅಮೆರಿಕದ ದೊಡ್ಡ ಬ್ಯಾಂಕು, ಕಾನೂನು ಸಂಸ್ಥೆ, ಕನ್ಸಲ್ಟಿಂಗ್ ಕಂಪನಿಗಳಲ್ಲಿ ಆಯ್ಕೆ ಮಾಡುವ 120 ಜನರನ್ನು ಮಾತಾಡಿಸಿ 2012ರಲ್ಲಿ ಪ್ರಕಟಿಸಿದರು. 'ನಮ್ಮಲ್ಲಿ ಹೊಂದುತ್ತಾರೆ' ಅಂತ ಅವರು ಹೇಳುತ್ತಿದ್ದುದರ ಒಳಗೆ ಬಹಳ ಸಲ ಇದ್ದದ್ದು ತಮ್ಮ ಹಾಗೇ ಇರುವವರು, ತಮ್ಮ ಹಾಗೇ ರಜೆ ಕಳೆಯುವವರು ಅನ್ನುವುದು. ಅಲ್ಲಿ ಆಟ, ಹವ್ಯಾಸ. ನಮ್ಮಲ್ಲಿ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. 'ಯಾವೂರ?' ಆಮೇಲೆ 'ಯಾರ ಪೈಕಿ?' ಆಮೇಲೆ ಅಡ್ಡಹೆಸರು. ಮೂರು ಪ್ರಶ್ನೆಯಲ್ಲಿ ಇಂಟರ್‌ವ್ಯೂ ಮುಗಿದಿರುತ್ತದೆ. ಬೆಳಗಾವಿಯಲ್ಲಂತೂ ಭಾಷೆಯೂ ಸೇರಿಕೊಳ್ಳುತ್ತದೆ. ಶಾಪ್ ಫ್ಲೋರಿನಲ್ಲಿ ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಬರುತ್ತವೆ, ಮಷೀನಿಗೆ ಮೂರೂ ಅರ್ಥ ಆಗುವುದಿಲ್ಲ. ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಾರೆ ಅನ್ನುವುದು ನಿಮ್ಮ ಶಾಪಿನ ರೂಢಿಗೆ ಸಂಬಂಧವೇ ಇಲ್ಲದ ವಿಷಯ.

ಬೆಂಜಮಿನ್ ಶ್ನೈಡರ್ ಅನ್ನುವವರು 1987ರಲ್ಲೇ ಒಂದು ಮಾತು ಹೇಳಿದ್ದರು. ಒಂದು ಜಾಗಕ್ಕೆ ಅಂಥದೇ ಜನ ಬರುತ್ತಾರೆ, ಅಂಥವರನ್ನೇ ಆರಿಸಿಕೊಳ್ಳುತ್ತಾರೆ, ಬೇರೆ ಥರದವರು ಬಿಟ್ಟು ಹೋಗುತ್ತಾರೆ, ವರ್ಷಗಳು ಕಳೆದಂತೆ ಎಲ್ಲರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಆಗುತ್ತಾರೆ ಅಂತ. ಎರಕದ ಊರಿನವರು ನಾವು, ನಮಗೆ ಈ ಮಾತು ಬೇಗ ತಿಳಿಯುತ್ತದೆ. ನಾನು ಕಂಡ ಒಂದು ಶಾಪಿನಲ್ಲಿ ಮುಕ್ಕಾಲು ಜನ ಬೈಲಹೊಂಗಲ ಕಡೆಯ ಒಂದೇ ಊರಿನವರು. ಮಾಲೀಕರಿಗೆ ಹೆಮ್ಮೆ, ಜಗಳ ಇಲ್ಲ ತಂಟೆ ಇಲ್ಲ. ಊರ ಜಾತ್ರೆ ಬಂದರೆ ನಾಲ್ಕು ದಿನ ಮಷೀನು ಬಂದ್. ಅದೂ ಹೋಗಲಿ. ಒಬ್ಬ ಹುಡುಗ ಅಳತೆ ತಪ್ಪಿದ ಪೀಸು ಪಾಸ್ ಮಾಡಿದರೆ ಇನ್ಸ್‌ಪೆಕ್ಷನ್‌ನಲ್ಲಿ ಕೂತ ಅವನ ಸೋದರಮಾವ ಹೇಗೆ ತಡೆಯಬೇಕು? ಸಂಜೆ ಒಂದೇ ಬಸ್ಸಿನಲ್ಲಿ ಹೋಗಬೇಕಲ್ಲ.

ಆದ್ದರಿಂದ ಕೂತು ಎರಡು ಪಟ್ಟಿ ಮಾಡಿ. ಯಾವುದು ಹೊಂದಲೇಬೇಕು, ಯಾವುದು ಹೊಂದದಿದ್ದರೂ ನಡೆಯುತ್ತದೆ. ಮೊದಲನೇ ಪಟ್ಟಿಯಲ್ಲಿ ಮೂರು ನಾಲ್ಕಕ್ಕಿಂತ ಜಾಸ್ತಿ ಇರಬಾರದು. ನಿಮ್ಮಂಥ ಶಾಪಿಗೆ ನಾನಾದರೆ ಬರೆಯುವುದು ಇಷ್ಟು: ಪೀಸು ಕೆಟ್ಟರೆ ಅದೇ ಗಳಿಗೆಯಲ್ಲಿ ಹೇಳುವುದು, ಗೊತ್ತಿಲ್ಲದ್ದನ್ನು ಕೇಳುವುದು, ಗೊತ್ತಿದ್ದನ್ನು ಮುಂದಿನ ಪಾಳಿಯವರಿಗೆ ಹೇಳಿ ಹೋಗುವುದು. ಜಾಸ್ತಿ ಮಾತಾಡುತ್ತಾರಾ, ಎಲ್ಲರ ಜೊತೆ ಚಹಾಕ್ಕೆ ಬರುತ್ತಾರಾ, ಗಣಪತಿ ವರ್ಗಣಿ ಕೊಡುತ್ತಾರಾ, ಇವೆಲ್ಲ ಎರಡನೇ ಪಟ್ಟಿಗೆ. ತಾನಾಯಿತು ತನ್ನ ಮಷೀನಾಯಿತು ಅಂತ ಇರುವ ಮನುಷ್ಯ ಮೇಲಿನ ಮೂರನ್ನು ಮಾಡುತ್ತಿದ್ದರೆ ಅಂಥವರನ್ನು ನಾನು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇನೆ.

ಇಂಟರ್‌ವ್ಯೂನಲ್ಲಿ ಇದನ್ನು ಹೇಗೆ ಕಂಡುಹಿಡಿಯುವುದು? 'ನೀವು ಪ್ರಾಮಾಣಿಕರಾ' ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. 'ಕೆಟ್ಟರೆ ಏನು ಮಾಡುತ್ತೀರಿ' ಅಂದರೂ ಪುಸ್ತಕದ ಉತ್ತರವೇ ಬರುತ್ತದೆ. ನಡೆದದ್ದನ್ನು ಕೇಳಿ. 'ಕಳೆದ ಸಲ ನಿಮ್ಮ ಕೈಯಲ್ಲಿ ಪೀಸು ಕೆಟ್ಟದ್ದು ಯಾವಾಗ? ಯಾವ ಜಾಬು? ಎಷ್ಟು ಹೋಯಿತು? ಮೊದಲು ಯಾರಿಗೆ ಹೇಳಿದಿರಿ? ಅವರೇನಂದರು?' ಒಂದಾದ ಮೇಲೆ ಒಂದು, ನಿಧಾನವಾಗಿ.

ಒಮ್ಮೆ ಒಬ್ಬರ ಶಾಪಿನಲ್ಲಿ ನಾನೂ ಪಕ್ಕದಲ್ಲಿ ಕೂತಿದ್ದೆ. ಮೊದಲು ಬಂದವರು ಹೇಳಿದರು, 'ನನ್ನ ಕೈಯಾಗ ಪೀಸ್ ಹೋಗೂದ ಇಲ್ರೀ.' ಆಯಿತು, ಧನ್ಯವಾದ. ಎರಡನೆಯವನು ಐಟಿಐ ಮುಗಿಸಿ ಎರಡು ವರ್ಷ ಆದ ಹುಡುಗ. ಸ್ವಲ್ಪ ತಲೆ ತಗ್ಗಿಸಿ ಶುರು ಮಾಡಿದ. 40 ಎಂಎಂ ಬೋರು, 25 ಮೈಕ್ರಾನ್ ಟಾಲರೆನ್ಸ್. ಇನ್ಸರ್ಟಿನ ಮೂಲೆ ಚೂರು ಹಾರಿತ್ತು, ನೋಡಿರಲಿಲ್ಲ. ಹನ್ನೊಂದು ಪೀಸು ಹೋದವು. 'ಐದನೇದಕ್ಕ ಆವಾಜ್ ಬ್ಯಾರೆ ಬಂತರೀ. ಅವಾಗ ನಿಲ್ಲಸಬೇಕಾಗಿತ್ತು. ಟಾರ್ಗೆಟ್ ಅಂತ ಓಡಿಸಿದೆ. ಆಮ್ಯಾಲ ಹೇಳಿದೆ.' ಇದನ್ನು ಹೇಳುವಾಗ ಅವನ ಬಲಗೈ ಗಾಳಿಯಲ್ಲೇ ಮಷೀನು ತಡೆಯುವ ಫೀಡ್ ಹೋಲ್ಡ್ ಬಟನ್ ಒತ್ತುತ್ತಿತ್ತು. ಅಷ್ಟು ನೆನಪಿದೆ ಅಂದರೆ ಅಷ್ಟು ನಿಜ. ಐದನೇ ಪೀಸಿಗೆ ನಿಲ್ಲಿಸಬೇಕಾಗಿತ್ತು ಅಂತ ತಾನೇ ಹೇಳಿದನಲ್ಲ, ಅಂಥ ಹುಡುಗನಿಗೆ ನಿಮ್ಮ ಜಾಬು ಕಲಿಸಲು ಜಾಸ್ತಿ ದಿನ ಬೇಕಾಗುವುದಿಲ್ಲ.

ಪ್ರಶ್ನೆ ಮುಗಿದ ಮೇಲೆ ಶಾಪಿನೊಳಗೆ ಕರೆದುಕೊಂಡು ಹೋಗಿ. ಒಂದು ಪಾಳಿ ಪೂರ್ತಿ ಇರಲಿ, ಆ ದಿನದ ಪಗಾರ ಕೊಡಿ. ಪುಕ್ಕಟೆ ಕೆಲಸ ಮಾಡಿಸಿಕೊಂಡರೆ ನಿಮ್ಮ ರೂಢಿ ಅವರಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ಮೊದಲ ದಿನವೇ ಉತ್ಪಾದನೆಗೆ ನಿಲ್ಲಿಸಬೇಡಿ. ಡ್ರಾಯಿಂಗ್ ಒಂದು, ಅಳತೆ ತಪ್ಪಿದ್ದು ಸರಿ ಇದ್ದದ್ದು ಬೆರೆಸಿದ ಹತ್ತು ಪೀಸು, ಮೈಕ್ರೋಮೀಟರ್, ಬೋರ್ ಗೇಜ್ ಕೊಟ್ಟು ಬೇರೆ ಮಾಡಲು ಹೇಳಿ. ಡ್ರಾಯಿಂಗಿನಲ್ಲಿ ಬೇಕಂತಲೇ ಒಂದು ಅಳತೆ ಅಳಿಸಿಡಿ. ಕೇಳುತ್ತಾರೋ, ಅಂದಾಜಿನ ಮೇಲೆ ಹೋಗುತ್ತಾರೋ? ಇಡೀ ಪರೀಕ್ಷೆಯಲ್ಲಿ ನಾನು ನೋಡುವುದು ಅದೊಂದನ್ನೇ.

ಅದೇ ದಿನ ಅವರೂ ನಿಮ್ಮನ್ನು ನೋಡಲಿ. ಕೆಟ್ಟದ್ದನ್ನು ಬಚ್ಚಿಡಬೇಡಿ. ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಎಷ್ಟು ಸೆಕೆ ಅಂತ ಹೇಳಿ. ರಾತ್ರಿ ಪಾಳಿ ಹದಿನೈದು ದಿನಕ್ಕೊಮ್ಮೆ ಬರುತ್ತದೆ, ತಿಂಗಳ ಕೊನೆಗೆ ಓಟಿ ಇರುತ್ತದೆ, ಗಿರಾಕಿಯಿಂದ ದುಡ್ಡು ತಡವಾದರೆ ಪಗಾರ ಎರಡು ದಿನ ಹಿಂದೆ ಮುಂದೆ ಆದದ್ದುಂಟು ಅಂತ ಇದ್ದರೆ ಅದನ್ನೂ ಹೇಳಿ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನೀವು ಅಲ್ಲಿಂದ ಎದ್ದು ಹೋಗಿ. ಹಳಬರು ಆ ಅರ್ಧ ಗಂಟೆಯಲ್ಲಿ ನಿಮ್ಮ ಬಗ್ಗೆ ಎಲ್ಲ ಹೇಳಿರುತ್ತಾರೆ. ಹೆದರಿ ಓಡುವವರು ಅಂದೇ ಓಡಲಿ, ನಾಲ್ಕು ತಿಂಗಳ ಮೇಲೆ ಓಡುವುದಕ್ಕಿಂತ ಅಗ್ಗ. ಮಷೀನ್ ರೇಟು ಗಂಟೆಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ. ಒಬ್ಬ ಆಪರೇಟರ್ ಬಿಟ್ಟು ಇನ್ನೊಬ್ಬರು ಸಿಗುವವರೆಗೆ ಹತ್ತು ದಿನ ಒಂದು ಪಾಳಿ ನಿಂತರೆ 80 ಗಂಟೆ, 32,000 ರೂಪಾಯಿ. ಕಲಿಯುವಾಗ ಹೋದ ಪೀಸುಗಳ ಲೆಕ್ಕ ಬೇರೆ. ನಿಮಗೆ ಎಂಟು ತಿಂಗಳಲ್ಲಿ ಇದು ಮೂರು ಸಲ ಆಗಿದೆ.

ಪರಿಚಯದ ಮೇಲೆ ಬರುವವರ ಬಗ್ಗೆ ಬಹಳ ಜನ ಕೇಳುತ್ತಾರೆ. ತೆಗೆದುಕೊಳ್ಳಿ, ತಪ್ಪೇನಿಲ್ಲ, ಮೊದಲೇ ಶಾಪಿನ ವಿಷಯ ಗೊತ್ತಿದ್ದು ಬರುತ್ತಾರೆ. 'ಗ್ಯಾರಂಟಿ ನಂದ' ಅಂತ ಹೇಳಿದವರ ಮೇಲೆ ಆಮೇಲೆ ಎಗರಾಡಬೇಡಿ, ಅಷ್ಟೇ. ಮತ್ತೆ ಕರೆತಂದವರ ಕೈ ಕೆಳಗೇ ಹಾಕಬೇಡಿ.

ಹೆಣ್ಣುಮಕ್ಕಳನ್ನು ಇನ್ಸ್‌ಪೆಕ್ಷನ್‌ಗೋ ವಿಎಂಸಿಗೋ ತೆಗೆದುಕೊಳ್ಳುವ ವಿಚಾರ ನಿಮ್ಮ ಪತ್ರದಲ್ಲಿ ಇಲ್ಲ. ಯಾಕೆ ಇಲ್ಲ ಅಂತ ಕೇಳಬಹುದಾ? ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗಿಯರು ಖಾನಾಪುರ, ಹಿರೇಬಾಗೇವಾಡಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಾರೆ. 'ನಮ್ಮ ವಾತಾವರಣಕ್ಕೆ ಹೊಂದಲ್ಲ' ಅನ್ನುವ ಮಾಲೀಕರನ್ನು ಪಾಯಖಾನೆ ತೋರಿಸಿ ಅಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಹತ್ತು ಅಥವಾ ಜಾಸ್ತಿ ಜನ ಇರುವ ಕಡೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು. 24 ಜನರ ನಿಮ್ಮ ಶಾಪಿಗೂ ಅದು ಅನ್ವಯ.

ಪಗಾರದ ಮಾತು ಬಿಟ್ಟು ಕಲ್ಚರ್ ಅಂತ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹತ್ತರಗಿಯ ವಿಮಾನ ಬಿಡಿಭಾಗಗಳ ಕಾರ್ಖಾನೆಗಳಿಗೆ ಕೈ ಪಳಗಿದ ಆಪರೇಟರ್ ಬೇಕು. ಕೊಲ್ಹಾಪುರ, ಪುಣೆಗೂ ಬೇಕು. ಅಲ್ಲಿನವರು ಕೊಡುವುದಕ್ಕೂ ನೀವು ಕೊಡುವುದಕ್ಕೂ ಬಹಳ ಅಂತರ ಇದ್ದರೆ ಯಾವ ರೂಢಿಯೂ ಹಿಡಿದು ನಿಲ್ಲಿಸುವುದಿಲ್ಲ. 24 ಜನ ಅಂದರೆ ಇಎಸ್‌ಐ, ಪಿಎಫ್ ಎರಡೂ ನಿಮಗೆ ಕಡ್ಡಾಯ, ಇಎಸ್‌ಐಗೆ 10 ಜನ, ಪಿಎಫ್‌ಗೆ 20 ಜನ ಮಿತಿ. ಹೊಸಬರನ್ನು 'ಆರು ತಿಂಗಳು ನೋಡೋಣ, ಆಮೇಲೆ ಹೆಸರು ಹಾಕಿಸೋಣ' ಅಂತ ಬಹಳ ಕಡೆ ಮಾಡುತ್ತಾರೆ. ನೀವು ಮಾಡುತ್ತಿದ್ದರೆ ಬಿಡಿ. ಮೊದಲ ದಿನವೇ 'ನೀನಿನ್ನೂ ನಮ್ಮವನಲ್ಲ' ಅಂತ ಹೇಳಿ ಆಮೇಲೆ ಹೊಂದಿಕೊಳ್ಳಲಿಲ್ಲ ಅಂದರೆ ಹೇಗೆ?

ಮೊದಲ ತಿಂಗಳು ಹೊಸಬರನ್ನು ಯಾರ ಪಕ್ಕ ನಿಲ್ಲಿಸುತ್ತೀರಿ ಅನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ. ಸಾಮಾನ್ಯವಾಗಿ ಎಲ್ಲರಿಗಿಂತ ಜೋರು ಆಪರೇಟರ್ ಪಕ್ಕ ನಿಲ್ಲಿಸುತ್ತಾರೆ. ಜೋರು ಆಪರೇಟರ್ ಬಳಿ ಕಲಿಸಲು ಪುರುಸೊತ್ತು ಇರುವುದಿಲ್ಲ, ಕಲಿಸಿದರೆ ಅವನ ಟಾರ್ಗೆಟ್ ಹೋಗುತ್ತದೆ. ಕಲಿಸುವವರಿಗೆ ಆ ತಿಂಗಳು ಟಾರ್ಗೆಟ್ ಇಳಿಸಿ, ಕಲಿಸಿದ್ದಕ್ಕೆ ಬೇರೆ ದುಡ್ಡು ಕೊಡಿ. ನಮ್ಮ ಕಾಕಾ ಅವರಿಗೆ ತಿಂಗಳಿಗೆ ಐನೂರು ಜಾಸ್ತಿ ಕೊಟ್ಟು, ಡೈರಿಯನ್ನು ಸೆಟಪ್ ಶೀಟ್ ಮಾಡಿ ಕೆಳಗೆ ಅವರ ಹೆಸರು ಹಾಕಿಸಿದ್ದರೆ ಏನಾಗುತ್ತಿತ್ತು ಅಂತ ಎಷ್ಟೋ ಸಲ ಅನಿಸಿದೆ.

ಅಪ್ರೆಂಟಿಸ್‌ಗಳ ವಿಷಯಕ್ಕೂ ಇದೇ. 30 ಅಥವಾ ಜಾಸ್ತಿ ಜನ ಇರುವವರು ಶೇ 2.5ರಿಂದ 15ರಷ್ಟು ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನ ಇರುವ ನಿಮ್ಮಂಥವರಿಗೆ ಅದು ಕಡ್ಡಾಯ ಅಲ್ಲ, ನಿಮ್ಮ ಇಷ್ಟಕ್ಕೆ ಬಿಟ್ಟದ್ದು. ನಾನಂತೂ ತೆಗೆದುಕೊಳ್ಳಿ ಅನ್ನುತ್ತೇನೆ. ಬೇರೆ ಕಡೆಯ ರೂಢಿ ಮೈಗೆ ಹತ್ತಿಲ್ಲದ ಹುಡುಗರು. ಆದರೆ ಅವರು ನಿಮ್ಮಲ್ಲಿ ನಡೆಯುವುದನ್ನೆಲ್ಲ ಕಲಿಯುತ್ತಾರೆ, ಚಿಪ್ಸ್ ಟ್ರಾಲಿಯನ್ನೂ ಸೇರಿಸಿ.

'ಇದೆಲ್ಲ ಹೇಳೋಕೆ ಚೆಂದ, ನಮ್ಮೂರಲ್ಲಿ ನಡೆಯಲ್ಲ' ಅಂತ ನಿಮಗೆ ಅನಿಸಬಹುದು. ಉದ್ಯಮಬಾಗದಿಂದ ಸ್ವಲ್ಪ ಮುಂದೆ ಮಚ್ಛೆ ಇದೆ. ಅಲ್ಲಿ ಸುರೇಶ ಹುಂದ್ರೆಯವರು ಕಟ್ಟಿದ ಪಾಲಿಹೈಡ್ರಾನ್ ಕಂಪನಿ ಹೈಡ್ರಾಲಿಕ್ ವಾಲ್ವುಗಳಿಗೆ ಎಷ್ಟು ಹೆಸರಾಯಿತೋ, ಮೇಲ್ವಿಚಾರಕರಿಲ್ಲದೆ ನಂಬಿಕೆಯ ಮೇಲೆ ಕಾರ್ಖಾನೆ ನಡೆಸಿದ್ದಕ್ಕೂ ಅಷ್ಟೇ ಹೆಸರಾಯಿತು. ಅವರಿಗೆ ಒಳ್ಳೆ ಜನ ಸಿಕ್ಕಿದರು ಅಂತ ಬೇರೆ ಮಾಲೀಕರು ಹೇಳುತ್ತಿರುತ್ತಾರೆ. ಅವರು ತೆಗೆದುಕೊಂಡದ್ದೂ ಇದೇ ಬೆಳಗಾವಿ ಸುತ್ತಿನ ಹುಡುಗರನ್ನೇ, ಅಲ್ವಾ?

ಈಗ ಏನು ಮಾಡಬೇಕು ಅಂತ ಕೇಳಿದರೆ, ಹೊಸ ಆಪರೇಟರಿಗೆ ಜಾಹೀರಾತು ಕೊಡುವುದನ್ನು ಒಂದು ತಿಂಗಳು ಮುಂದೆ ಹಾಕಿ. ನಾಳೆಯಿಂದ 200 ಹಿಡಿಯುವುದು ನಿಲ್ಲಿಸಿದ್ದೇವೆ ಅಂತ ಎಲ್ಲರ ಮುಂದೆ ಹೇಳಿ. ಎಂಟು ಮಷೀನಿಗೆ ಎಂಟು ಕೆಂಪು ಡಬ್ಬಿ, ಎಂಟು ಮಾರ್ಕರ್ ತನ್ನಿ. ಕೆಟ್ಟ ಪೀಸಿನ ಮೇಲೆ ಏನು ತಪ್ಪು ಅಂತ ಬರೆಯಬೇಕು, ಯಾರು ಮಾಡಿದ್ದು ಅಂತ ಬೇಡ. ಮೊದಲ ವಾರ ಡಬ್ಬಿ ಖಾಲಿ ಇರುತ್ತದೆ, ಯಾರೂ ನಂಬುವುದಿಲ್ಲ. ಎರಡನೇ ವಾರ ಯಾರೋ ಒಬ್ಬರು ಪರೀಕ್ಷೆ ಮಾಡಲು ಒಂದು ಪೀಸು ಹಾಕುತ್ತಾರೆ. ಅವತ್ತು ನಿಮ್ಮ ಮುಖ ಹೇಗಿರುತ್ತದೆ ಅಂತ 24 ಜನವೂ ನೋಡುತ್ತಿರುತ್ತಾರೆ. ಮೂರನೇ ವಾರ ಡಬ್ಬಿ ತುಂಬುತ್ತದೆ. ರಿಜೆಕ್ಷನ್ ಜಾಸ್ತಿ ಆಯಿತು ಅಂತ ಗಾಬರಿ ಆಗಬೇಡಿ. ಮೊದಲು ಟ್ರಾಲಿಯಲ್ಲಿ ಹೋಗುತ್ತಿದ್ದದ್ದು ಈಗ ಡಬ್ಬಿಗೆ ಬರುತ್ತಿದೆ.

ಆಮೇಲೆ ಆ ಒಂಬತ್ತು ವರ್ಷದ ಅನುಭವಿಗೆ ಒಂದು ಫೋನ್ ಮಾಡಿ. ಹಿಡಿದಿಟ್ಟುಕೊಂಡ ಪಗಾರ ಏನಾದರೂ ಇದ್ದರೆ ಮೊದಲು ಅದನ್ನು ಕೊಟ್ಟು, ಆಮೇಲೆ ಮಾಡಿ. ವಾಪಸ್ ಬನ್ನಿ ಅನ್ನಬೇಕಾಗಿಲ್ಲ. 'ನಮ್ಮಲ್ಲಿ ಮೊದಲ ವಾರ ನಿಮಗೆ ಯಾರು ಏನು ಹೇಳಿಕೊಟ್ಟರು?' ಅಂತ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಅವರು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿದರೆ ಮುಂದಿನ ಮಾತು ಆಡೋಣ.